ತಪ್ಪಿದ ಪಾಳಿಯ ಲೆಕ್ಕ: ಆಗಾಗ ಆರಿಹೋಗುವ ಗಣಕಗಳಲ್ಲಿ ಆವರ್ತಕ ಕೆಲಸ

ದಿನಕ್ಕೊಮ್ಮೆ, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ತಾನಾಗಿ ನಡೆಯಬೇಕಾದ ಕೆಲಸಗಳನ್ನು ಯುನಿಕ್ಸ್ ಬಳಗದ ಗಣಕಗಳಲ್ಲಿ ನೋಡಿಕೊಳ್ಳುವುದು ಕ್ರಾನ್ ಎಂಬ ಚಿಕ್ಕ ತಂತ್ರಾಂಶ. ಬ್ಯಾಕಪ್ ತೆಗೆಯುವುದು, ಉದ್ದವಾದ ಲಾಗ್ ಕಡತಗಳನ್ನು ಸುತ್ತಿ ಬದಿಗಿಡುವುದು, ಭದ್ರತಾ ತಿದ್ದುಪಡಿಗಳನ್ನು ತರಿಸಿಕೊಳ್ಳುವುದು, ಹುಡುಕುಪಟ್ಟಿಯನ್ನು ಹೊಸದಾಗಿಸುವುದು, ಇವನ್ನೆಲ್ಲ ಅದಕ್ಕೆ ಒಪ್ಪಿಸಿ ನಿಶ್ಚಿಂತರಾಗುವುದು ರೂಢಿ. ಆ ನಿಶ್ಚಿಂತೆಗೆ ಎಷ್ಟು ಆಧಾರವಿದೆ ಎಂದು ನೋಡುವುದು ಈ ಟಿಪ್ಪಣಿಯ ಉದ್ದೇಶ. ಪ್ರಶ್ನೆ ಇಷ್ಟೇ: ಕೆಲಸಕ್ಕೆ ಗೊತ್ತುಮಾಡಿದ ಗಳಿಗೆಯಲ್ಲಿ ಗಣಕವೇ ಆರಿದ್ದರೆ ಆ ಪಾಳಿಯ ಗತಿಯೇನು? ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದು ಉಪಕರಣದ ಹೆಸರು: ಅನಾಕ್ರಾನ್ ಹಾಕಿಕೊಳ್ಳಿ, ಇಲ್ಲವೇ ಸಿಸ್ಟಮ್‌ಡಿ ಟೈಮರ್ ಬಳಸಿ. ಆ ಉತ್ತರ ಸಾಲದು ಎಂಬುದು ನನ್ನ ವಾದ. ಈ ಉಪಕರಣಗಳೆಲ್ಲ ಡಿಸ್ಕಿನ ಮೇಲೆ ಒಂದು ಗುರುತು ಬರೆದಿಟ್ಟುಕೊಳ್ಳುತ್ತವೆ. ಆ ಗುರುತನ್ನು ಕೆಲಸಕ್ಕೆ ಮುಂಚೆ ಬರೆಯುತ್ತವೋ ಆಮೇಲೆ ಬರೆಯುತ್ತವೋ, ಅದು ಯಾವುದಕ್ಕೆ ಸಾಕ್ಷಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕೈಪಿಡಿಗಳಲ್ಲಿ ಅದಕ್ಕೆ ಸಿಕ್ಕಿರುವ ಜಾಗ ಬಹಳ ಕಡಿಮೆ.

ಕ್ರಾನ್ ಹುಟ್ಟಿದ್ದು ಆರಿಸದ ಯಂತ್ರಗಳ ನಡುವೆ. 1979ರಲ್ಲಿ ಬೆಲ್ ಲ್ಯಾಬ್ಸ್ ಹೊರತಂದ ಯುನಿಕ್ಸ್ 7ನೇ ಆವೃತ್ತಿಯ ಕ್ರಾನ್ ನಿಮಿಷಕ್ಕೊಮ್ಮೆ ಎದ್ದು, ಇಡೀ ಯಂತ್ರಕ್ಕೆ ಇದ್ದ ಒಂದೇ ಪಟ್ಟಿಯನ್ನು ನೋಡಿ, ಆ ನಿಮಿಷಕ್ಕೆ ಒಪ್ಪುವ ಸಾಲುಗಳನ್ನು ನಡೆಸಿ ಮತ್ತೆ ಮಲಗುತ್ತಿತ್ತು. ಬಳಕೆದಾರರು ಹೆಚ್ಚಿದಾಗ ಈ ವಿಧಾನ ದುಬಾರಿಯೆನಿಸಿತು. ಪರ್ಡ್ಯೂ ವಿಶ್ವವಿದ್ಯಾಲಯದ ರಾಬರ್ಟ್ ಬ್ರೌನ್, ಫ್ರಾಂಟಾ ಮತ್ತು ಮೇಲಿ ಎಂಬಿಬ್ಬರು 1977ರಲ್ಲಿ ಪ್ರಕಟಿಸಿದ್ದ ಘಟನಾ ಸರದಿಯ ವಿಧಾನವನ್ನು ಇದಕ್ಕೆ ಅಳವಡಿಸಿ, ಮುಂದಿನ ಕೆಲಸದ ಹೊತ್ತಿನವರೆಗೆ ಮಲಗಿರಬಲ್ಲ, ಬಳಕೆದಾರರಿಗೆಲ್ಲ ಬೇರೆಬೇರೆ ಪಟ್ಟಿಗಳಿರುವ ಕ್ರಾನ್ ರೂಪಿಸಿದರು. 1987ರಲ್ಲಿ ಪಾಲ್ ವಿಕ್ಸಿ ಬರೆದ ಕ್ರಾನ್ ಮುಂದೆ ಲಿನಕ್ಸ್ ಲೋಕವನ್ನೆಲ್ಲ ವ್ಯಾಪಿಸಿತು. ಈ ಮೂರು ಹಂತಗಳ ಸುಧಾರಣೆಯೆಲ್ಲ ದಕ್ಷತೆ ಮತ್ತು ಅನುಕೂಲಕ್ಕೆ ಸಂಬಂಧಿಸಿದ್ದು. ಯಾವ ಸಾಲು ಕಡೆಯದಾಗಿ ಯಾವಾಗ ನಡೆಯಿತು ಎಂದು ಮೂರರಲ್ಲಿ ಒಂದೂ ಡಿಸ್ಕಿನ ಮೇಲೆ ಬರೆದಿಡಲಿಲ್ಲ. ಬರೆದಿಡುವ ಅಗತ್ಯ ಯಾರಿಗೂ ಕಂಡಿರಲಾರದು. ಯಂತ್ರ ಹಗಲಿರುಳು ಓಡುತ್ತಿತ್ತು, ಪಕ್ಕದಲ್ಲಿ ಆಪರೇಟರ್ ಇರುತ್ತಿದ್ದ.

ಮನೆಯ ಲ್ಯಾಪ್‌ಟಾಪ್, ಸಂಜೆ ಐದಕ್ಕೆ ಬೀಗ ಬೀಳುವ ಶಾಲೆಯ ಲ್ಯಾಬು, ಕರೆಂಟು ಹೋದರೆ ಯುಪಿಎಸ್ ಅರ್ಧ ಗಂಟೆ ಉಸಿರು ಹಿಡಿಯುವ ನಮ್ಮ ಊರುಗಳ ಸಹಕಾರ ಸಂಘದ ಕಚೇರಿ, ಇವೆಲ್ಲ ಆ ಕಲ್ಪನೆಯ ಆಚೆಗಿದ್ದವು. ಡೆಬಿಯನ್ ಲಿನಕ್ಸಿನ ಮೂಲ ಕ್ರಾನ್‌ಟ್ಯಾಬ್ ತೆರೆದು ನೋಡಿದರೆ ದಿನದ ಕೆಲಸಕ್ಕೆ ಬೆಳಿಗ್ಗೆ 6.25, ವಾರದ ಕೆಲಸಕ್ಕೆ ಭಾನುವಾರ 6.47, ತಿಂಗಳ ಕೆಲಸಕ್ಕೆ 1ನೇ ತಾರೀಖು 6.52 ಎಂದಿದೆ. ಒಂಬತ್ತಕ್ಕೆ ತೆರೆದು ಐದಕ್ಕೆ ಮುಚ್ಚುವ ಕಚೇರಿಯ ಗಣಕದಲ್ಲಿ, ಬೇರೆ ಏರ್ಪಾಡಿಲ್ಲದಿದ್ದರೆ, ಈ ಮೂರು ಸಾಲುಗಳು ವರ್ಷಗಟ್ಟಲೆ ಒಮ್ಮೆಯೂ ನಡೆಯುವುದಿಲ್ಲ. ದೋಷಸಂದೇಶವೂ ಬರುವುದಿಲ್ಲ. ಕ್ರಾನ್‌ನ ಲೆಕ್ಕದಲ್ಲಿ ಏನೂ ತಪ್ಪಿಲ್ಲ: ಅದು ಎಚ್ಚರವಿದ್ದಾಗ 6.25 ಎಂಬ ಹೊತ್ತು ಬರಲೇ ಇಲ್ಲ. ‘@ಡೈಲಿ’ ಎಂದು ಬರೆದವರಿಗೂ ಇದೇ ಗತಿ. ಆ ಪದ ದಿನಕ್ಕೊಮ್ಮೆ ಎಂದು ಭರವಸೆ ಕೊಡುವಂತೆ ಕಂಡರೂ ವಿಕ್ಸಿ ಕ್ರಾನ್ ಅದನ್ನು ‘0 0 * * *’ ಎಂದು, ಅಂದರೆ ನಡುರಾತ್ರಿ ಹನ್ನೆರಡಕ್ಕೆ ಎಂದು ಓದುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಬಿಡುವಂತಿಲ್ಲ. ಆರುವುದು ಬೇರೆ, ಮಲಗುವುದು ಬೇರೆ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಾಗ ಕ್ರಾನ್ ಸಾಯುವುದಿಲ್ಲ, ನಿಂತಲ್ಲೇ ನಿಲ್ಲುತ್ತದೆ. ಮುಚ್ಚಳ ತೆರೆದಾಗ ಗಡಿಯಾರ ದಿಢೀರನೆ ಮುಂದಕ್ಕೆ ಜಿಗಿದಂತೆ ಅದಕ್ಕೆ ಕಾಣುತ್ತದೆ. ಈಗ ಡೆಬಿಯನ್ ಮೊದಲಾದವು ಬಳಸುವ ಕ್ರಾನ್‌ನಲ್ಲಿ ಬೇಸಿಗೆ-ಚಳಿಗಾಲಗಳಿಗೆ ಗಡಿಯಾರ ತಿರುಗಿಸುವ ದೇಶಗಳಿಗಾಗಿ ಒಂದು ನಿಯಮವಿದೆ: ಗಡಿಯಾರ ಮೂರು ಗಂಟೆಗಿಂತ ಕಡಿಮೆ ಮುಂದಕ್ಕೆ ಹೋದರೆ, ನಡುವೆ ಬಿಟ್ಟುಹೋದ ನಿಗದಿತ ಹೊತ್ತಿನ ಕೆಲಸಗಳನ್ನು ಕೂಡಲೇ ನಡೆಸಬೇಕು, ಅದಕ್ಕಿಂತ ಹೆಚ್ಚಿನ ಜಿಗಿತವಾದರೆ ಗಡಿಯಾರವನ್ನು ತಿದ್ದಿದ್ದಾರೆ ಎಂದು ತಿಳಿದು ಸುಮ್ಮನಾಗಬೇಕು. ಜಿಗಿತಕ್ಕೆ ಕಾರಣ ಸರ್ಕಾರದ ಆಜ್ಞೆಯೋ ಮುಚ್ಚಳವೋ ಎಂದು ಕ್ರಾನ್‌ಗೆ ತಿಳಿಯುವ ದಾರಿಯಿಲ್ಲ. ಹಾಗಾಗಿ ಎರಡು ಗಂಟೆ ಮಲಗಿದ್ದ ಯಂತ್ರ ತಪ್ಪಿದ ಕೆಲಸವನ್ನು ಎದ್ದ ಕೂಡಲೇ ಮಾಡುತ್ತದೆ, ನಾಲ್ಕು ಗಂಟೆ ಮಲಗಿದ್ದದ್ದು ಮಾಡುವುದಿಲ್ಲ. ‘ಕ್ರಾನ್ ಕೆಲವೊಮ್ಮೆ ತಾನೇ ಸರಿಮಾಡಿಕೊಳ್ಳುತ್ತದೆ, ಕೆಲವೊಮ್ಮೆ ಇಲ್ಲ’ ಎಂಬ ಬಳಕೆದಾರರ ಗೊಣಗಾಟಕ್ಕೆ ಈ ಮೂರು ಗಂಟೆಯ ಗಡಿಯೂ ಒಂದು ಕಾರಣವಾಗಿರಬೇಕು. ಏನಿದ್ದರೂ ನಿಂತ ಹೊತ್ತಿನ ಆ ನೆನಪು ಮೆಮೊರಿಯಲ್ಲಷ್ಟೇ ಇರುವಂಥದ್ದು. ಕರೆಂಟು ಹೋಯಿತೆಂದರೆ ಅಳಿಸಿಹೋಯಿತು. ಮತ್ತೆ ಬಂದಾಗ ಕ್ರಾನ್ ಆ ನಿಮಿಷದಿಂದಲೇ ಹೊಸದಾಗಿ ಲೋಕ ನೋಡುತ್ತದೆ.

ಮರೆವಿನ ಈ ರೋಗಕ್ಕೆ ಮದ್ದಾಗಿ ಬಂದದ್ದು ಅನಾಕ್ರಾನ್. ಕ್ರಿಶ್ಚಿಯನ್ ಶ್ವಾರ್ಟ್ಸ್ ಮೊದಲು ಪರ್ಲ್ ಭಾಷೆಯಲ್ಲಿ ಬರೆದದ್ದನ್ನು ಇತಾಯ್ ಟ್ಸುರ್ ಸಿ ಭಾಷೆಯಲ್ಲಿ ಮತ್ತೆ ಬರೆದರು. ಈಗ ರೆಡ್ ಹ್ಯಾಟ್ ಬಳಗದಲ್ಲಿ ಅದು ಕ್ರೋನಿ ಎಂಬ ಕಟ್ಟಿನೊಳಗೇ ಸೇರಿಕೊಂಡಿದೆ. ಇದರ ಪಟ್ಟಿಯ ಸಾಲಿನಲ್ಲಿ ಗಂಟೆ-ನಿಮಿಷಗಳೇ ಇಲ್ಲ. ನಾಲ್ಕೇ ಅಂಕಣ: ಎಷ್ಟು ದಿನಕ್ಕೊಮ್ಮೆ, ಎದ್ದ ಮೇಲೆ ಎಷ್ಟು ನಿಮಿಷ ತಡೆದು, ಕೆಲಸದ ಹೆಸರು, ನಡೆಸಬೇಕಾದ ಆಜ್ಞೆ. ಡೆಬಿಯನ್ನಿನಲ್ಲಿ ದಿನದ ಕೆಲಸಕ್ಕೆ 1 ಮತ್ತು 5, ವಾರದ್ದಕ್ಕೆ 7 ಮತ್ತು 10 ಎಂದು ಬರೆದಿರುತ್ತದೆ. ಪ್ರತಿ ಕೆಲಸಕ್ಕೂ ಸ್ಪೂಲ್ ಕೋಶದಲ್ಲಿ ಒಂದೊಂದು ಪುಟ್ಟ ಕಡತ. ಒಳಗೆ ವರ್ಷ, ತಿಂಗಳು, ದಿನ ಸೇರಿದ ಎಂಟು ಅಂಕಿ, ಅಷ್ಟೇ. ಅನಾಕ್ರಾನ್ ಎದ್ದಾಗ ಇಂದಿನ ತಾರೀಖಿನಿಂದ ಆ ತಾರೀಖನ್ನು ಕಳೆಯುತ್ತದೆ. ವ್ಯತ್ಯಾಸ ಅವಧಿಯಷ್ಟು ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಕೆಲಸ ನಡೆಸಿ, ಮುಗಿದ ಮೇಲೆ ಹೊಸ ತಾರೀಖು ಬರೆಯುತ್ತದೆ. ಕೆಲಸವೆಲ್ಲ ತೀರಿದ ಮೇಲೆ ತಾನೂ ನಿರ್ಗಮಿಸುತ್ತದೆ. ಕ್ರಾನ್ ‘ಈಗ ಹೊತ್ತಾಯಿತೇ?’ ಎಂದು ಕೇಳುತ್ತಿತ್ತು. ಇದು ‘ಮಾಡಿ ಎಷ್ಟು ದಿನವಾಯಿತು?’ ಎಂದು ಕೇಳುತ್ತದೆ. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ನಡೆದ ದೊಡ್ಡ ಬದಲಾವಣೆ ಈ ಪ್ರಶ್ನೆಯ ಬದಲಾವಣೆಯೇ.

ಅನಾಕ್ರಾನ್‌ನ ಇತಿಮಿತಿಗಳೂ ಅಷ್ಟೇ ತಿಳಿವಳಿಕೆ ಕೊಡುತ್ತವೆ. ತಾರೀಖಿನ ಲೆಕ್ಕವಾದ್ದರಿಂದ ರಾತ್ರಿ 11ಕ್ಕೆ ನಡೆದ ಕೆಲಸ ಹನ್ನೆರಡು ದಾಟಿದೊಡನೆ ‘ಒಂದು ದಿನ ಹಳೆಯದು’ ಆಗುತ್ತದೆ. ಗಂಟೆಗೊಮ್ಮೆಯ ಕೆಲಸಗಳಿಗೆ ಇದು ಒದಗುವುದೇ ಇಲ್ಲ. ಅದು ಸದಾ ಎಚ್ಚರವಿರುವ ಡೀಮನ್ ಅಲ್ಲವಾದ್ದರಿಂದ ಅದನ್ನೇ ಯಾರಾದರೂ ಎಬ್ಬಿಸಬೇಕು. ತಿಂಗಳುಗಟ್ಟಲೆ ಆರಿಸದೆ ಬರೀ ಮಲಗಿಸಿ ಎಬ್ಬಿಸುವ ಲ್ಯಾಪ್‌ಟಾಪಿನಲ್ಲಿ ಬೂಟ್ ಆಗುವ ಪ್ರಸಂಗವೇ ಬರುವುದಿಲ್ಲ. ಆದ್ದರಿಂದ ಡೆಬಿಯನ್ ಈಚಿನ ಆವೃತ್ತಿಗಳಲ್ಲಿ ಹಗಲೆಲ್ಲ ಗಂಟೆಗೊಮ್ಮೆ ಅನಾಕ್ರಾನ್‌ನ ಬಾಗಿಲು ತಟ್ಟುತ್ತದೆ. ಕ್ರಾನ್‌ನ ಕೊರತೆ ತುಂಬಲು ಬಂದದ್ದನ್ನು ಎಬ್ಬಿಸಲು ಮತ್ತೆ ಕ್ರಾನ್ ಅಥವಾ ಅದರ ದಾಯಾದಿಯೇ ಬೇಕಾಯಿತು! ಇನ್ನೊಂದು ನಿಬಂಧನೆ ಬಹಳ ಜನಕ್ಕೆ ಗೊತ್ತಿಲ್ಲ: ಡೆಬಿಯನ್ ಬಳಗದ ಯಂತ್ರ ಬ್ಯಾಟರಿಯ ಮೇಲೆ ಓಡುತ್ತಿದ್ದರೆ, ಸೆಟ್ಟಿಂಗ್ ಬದಲಿಸದ ಹೊರತು, ಅನಾಕ್ರಾನ್ ಶುರುವಾಗುವುದಿಲ್ಲ. ಚಾರ್ಜ್ ಮಾಡುವುದು ರಾತ್ರಿ ಆರಿಸಿಟ್ಟು, ಬಳಸುವುದು ಹಗಲು ಬ್ಯಾಟರಿಯಲ್ಲಿ ಎಂಬ ಅಭ್ಯಾಸವಿರುವವರ ಲ್ಯಾಪ್‌ಟಾಪಿನಲ್ಲಿ ದಿನದ ಕೆಲಸಗಳು ನಿಶ್ಶಬ್ದವಾಗಿ ನಿಂತಿರಬಹುದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅನಾಕ್ರಾನ್ ತಾರೀಖು ಬರೆಯುವುದು ಕೆಲಸ ಮುಗಿದ ಮೇಲೆ. ಅರ್ಧ ಬ್ಯಾಕಪ್ ಆಗಿರುವಾಗ ಕರೆಂಟು ಹೋದರೆ ಹಳೆಯ ತಾರೀಖೇ ಉಳಿದಿರುತ್ತದೆ, ಮುಂದಿನ ಸಲ ಕೆಲಸ ಮೊದಲಿನಿಂದ ನಡೆಯುತ್ತದೆ. ಲಿನಕ್ಸ್ ಯಂತ್ರದ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ನಡೆ ಇದಕ್ಕೆ ವಿರುದ್ಧ. 2014ರಲ್ಲಿ ಬಂದ ಅದರ 212ನೇ ಆವೃತ್ತಿಯಿಂದ ಟೈಮರುಗಳಿಗೆ ‘ಪರ್ಸಿಸ್ಟೆಂಟ್’ ಎಂಬ ಆಯ್ಕೆ ಇದೆ. ಅದನ್ನು ಹಾಕಿದರೆ ಪ್ರತಿ ಟೈಮರಿಗೂ ಡಿಸ್ಕಿನ ಮೇಲೆ ಒಂದು ಖಾಲಿ ಕಡತ ಹುಟ್ಟುತ್ತದೆ, ಆ ಕಡತವನ್ನು ಮುಟ್ಟಿದ ಹೊತ್ತೇ ದಾಖಲೆ. ಯಂತ್ರ ಆರಿದ್ದಾಗ ಪಾಳಿ ತಪ್ಪಿದ್ದರೆ ಎದ್ದ ಮೇಲೆ ಒಂದು ಸಲ ನಡೆಸುತ್ತದೆ. ಆದರೆ ಕಡತವನ್ನು ಮುಟ್ಟುವುದು ಕೆಲಸಕ್ಕೆ ಚಾಲನೆ ಕೊಟ್ಟಾಗ, ಮುಗಿಯುವವರೆಗೆ ಕಾಯುವುದಿಲ್ಲ. ಚಾಲನೆ ಕೊಟ್ಟು ಹತ್ತು ನಿಮಿಷಕ್ಕೆ ಕರೆಂಟು ಹೋದರೆ, ದಾಖಲೆಯ ಪ್ರಕಾರ ಆ ಪಾಳಿ ಸಂದಿದೆ. ಯಂತ್ರ ಮತ್ತೆ ಎದ್ದರೂ ಮುಂದಿನ ಪಾಳಿಯವರೆಗೆ ಏನೂ ಆಗುವುದಿಲ್ಲ. ವಾರಕ್ಕೊಮ್ಮೆಯ ಕೆಲಸವಾದರೆ ಆ ವಾರ ಹೋದಂತೆಯೇ. ಆರಿಹೋಗುವ ಯಂತ್ರಗಳಿಗೆಂದೇ ಇರುವ ಎರಡು ವ್ಯವಸ್ಥೆಗಳು ಅದೇ ಅವಘಡಕ್ಕೆ ಎರಡು ವಿರುದ್ಧ ಫಲ ಕೊಡುತ್ತವೆ. ‘ಅನಾಕ್ರಾನ್ ಬದಲು ಪರ್ಸಿಸ್ಟೆಂಟ್ ಟೈಮರ್ ಹಾಕಿದರೆ ಅದೇ ಆಯಿತು’ ಎಂಬ ಚಾಲ್ತಿಯ ಸಲಹೆ ಈ ಕಾರಣಕ್ಕೆ ಸರಿಯಲ್ಲ.

ಹಾಗೆಂದು ಅನಾಕ್ರಾನ್ ಗೆದ್ದಿತೆನ್ನುವಂತಿಲ್ಲ. ‘ಮುಗಿಯಿತು’ ಎಂಬುದೂ ‘ಆಯಿತು’ ಎಂಬುದೂ ಅದಕ್ಕೆ ಒಂದೇ. ಡಿಸ್ಕ್ ತುಂಬಿ ಬ್ಯಾಕಪ್ ಮೊದಲ ಸೆಕೆಂಡಿನಲ್ಲೇ ದೋಷಸಂಖ್ಯೆಯೊಂದಿಗೆ ಹಿಂದಿರುಗಿದರೂ ಅದು ಲಾಗ್‌ನಲ್ಲಿ ಆ ಸಂಖ್ಯೆಯನ್ನು ನಮೂದಿಸಿ, ಇಂದಿನ ತಾರೀಖನ್ನು ಬರೆದು ಮುಂದೆ ಹೋಗುತ್ತದೆ. ಎಂದರೆ ಮೂರು ಬೇರೆ ಸಂಗತಿಗಳು ಇಲ್ಲಿವೆ: ಶುರುವಾಯಿತು, ನಿಂತಿತು, ಫಲಿಸಿತು. ಸಿಸ್ಟಮ್‌ಡಿಯ ಗುರುತು ಮೊದಲನೆಯದಕ್ಕೆ ಸಾಕ್ಷಿ, ಅನಾಕ್ರಾನ್‌ನದು ಎರಡನೆಯದಕ್ಕೆ. ಬ್ಯಾಕಪ್ ಇಟ್ಟುಕೊಂಡವರಿಗೆ ಬೇಕಾದದ್ದು ಮೂರನೆಯದು, ಅದಕ್ಕೆ ಎರಡರಲ್ಲೂ ಸಾಕ್ಷಿಯಿಲ್ಲ.

ಕೆಲಸಗಳನ್ನು ಅಡ್ಡಾದಿಡ್ಡಿಯಾಗಿ ತಡಮಾಡುವ ಏರ್ಪಾಡು ಇನ್ನೊಂದು ತೊಡಕನ್ನು ತಂದಿದೆ. ಹೋದ ಕರೆಂಟು ಬಂದ ಕೂಡಲೇ ಒಂದು ಲ್ಯಾಬಿನ ಗಣಕಗಳೆಲ್ಲ ಒಟ್ಟಿಗೆ ಎದ್ದು, ಒಟ್ಟಿಗೆ ತಪ್ಪಿದ ಕೆಲಸ ಹಿಡಿದು, ಒಂದೇ ಸರ್ವರಿನ ಮೇಲೆ ಮುಗಿಬೀಳಬಾರದಷ್ಟೆ. ಅದಕ್ಕಾಗಿ ಕ್ರೋನಿಯ ಅನಾಕ್ರಾನ್ 45 ನಿಮಿಷದವರೆಗೆ ಯಾದೃಚ್ಛಿಕ ತಡ ಸೇರಿಸುತ್ತದೆ. ಡೆಬಿಯನ್ ಬಳಗದಲ್ಲಿ ತಂತ್ರಾಂಶ ಪಟ್ಟಿ ತರಿಸುವ ಟೈಮರ್ 12 ಗಂಟೆಯವರೆಗೆ ತಡಮಾಡಬಲ್ಲದು. ಸದಾ ಓಡುವ ಸರ್ವರಿಗೆ ಇದು ಒಳ್ಳೆಯದೇ. ಆದರೆ ದಿನಕ್ಕೆ ಎರಡೇ ಗಂಟೆ ಓಡುವ ಗಣಕದಲ್ಲಿ ಏನಾಗುತ್ತದೆ? ತಪ್ಪಿದ ಪಾಳಿಗೂ ಈ ತಡ ಅನ್ವಯಿಸುತ್ತದೆ ಎಂದು ಸಿಸ್ಟಮ್‌ಡಿಯ ಕೈಪಿಡಿ ಸ್ಪಷ್ಟವಾಗಿ ಹೇಳುತ್ತದೆ, ಎಣಿಕೆ ಯಂತ್ರ ಎದ್ದ ಹೊತ್ತಿನಿಂದ ಶುರುವಾಗುತ್ತದೆ. ಸೊನ್ನೆಯಿಂದ 12 ಗಂಟೆಯ ನಡುವೆ ಎಲ್ಲೋ ಒಂದು ಗಳಿಗೆ ಬೀಳಬೇಕು, ಅದು ಮೊದಲ ಎರಡು ಗಂಟೆಯೊಳಗೇ ಬಿದ್ದರೆ ಮಾತ್ರ ಕೆಲಸ. ಸಾಧ್ಯತೆ ಆರರಲ್ಲಿ ಒಂದು. ಬೀಳದಿದ್ದರೆ ಮಾರನೆಯ ದಿನ ಮತ್ತೆ ಹೊಸ ಚೀಟಿ ಎತ್ತಬೇಕು. ಸರಾಸರಿಯಲ್ಲಿ ಆರು ದಿನಕ್ಕೊಮ್ಮೆ ನಡೆದಂತಾಯಿತು. ಹೆಸರು ಮಾತ್ರ ದಿನದ ಕೆಲಸ. ಭದ್ರತಾ ತಿದ್ದುಪಡಿಗಳ ಮಟ್ಟಿಗೆ ಇದು ಸಣ್ಣ ಮಾತಲ್ಲ. ಕಡಿಮೆ ಹೊತ್ತು ಓಡುವ ಯಂತ್ರಗಳಲ್ಲಿ ಈ ತಡವನ್ನು ಕೆಲವು ನಿಮಿಷಗಳಿಗೆ ಇಳಿಸುವುದು ಅಗತ್ಯ, ಅದನ್ನು ಮಾಡಿದವರನ್ನು ನಾನು ಬಹಳ ಕಂಡಿಲ್ಲ.

ತಪ್ಪಿದ ಪಾಳಿಗಳು ಒಂದಕ್ಕಿಂತ ಹೆಚ್ಚಿದ್ದರೆ ಎಷ್ಟನ್ನು ತೀರಿಸಬೇಕು? ನೋಡಿದ ಉಪಕರಣಗಳೆಲ್ಲ ‘ಎಷ್ಟೇ ತಪ್ಪಿರಲಿ, ಒಂದೇ ಸಲ’ ಎನ್ನುತ್ತವೆ. ಮೂರು ದಿನ ಬೀಗ ಹಾಕಿದ್ದ ಮನೆಗೆ ಬಂದವರು ಕಸವನ್ನು ಮೂರು ಸಲ ಗುಡಿಸುವುದಿಲ್ಲ, ಆದರೆ ಆ ಮೂರು ದಿನ ಬಾಗಿಲಿಗೆ ಬಿದ್ದ ಹಾಲಿನ ಪೊಟ್ಟಣಗಳ ಲೆಕ್ಕವನ್ನು ಒಂದೊಂದಾಗಿ ತೀರಿಸಲೇಬೇಕು. ಲಾಗ್ ಸುತ್ತುವುದು, ಬ್ಯಾಕಪ್, ಹುಡುಕುಪಟ್ಟಿ, ಇವು ಕಸದ ಜಾತಿ. ದಿನದ ವಹಿವಾಟಿನ ವರದಿ, ಬಡ್ಡಿಯ ಲೆಕ್ಕ, ಹಾಜರಿಯ ಸಾರಾಂಶ ಹಾಲಿನ ಜಾತಿ: ಮೂರು ದಿನ ತಪ್ಪಿದರೆ ಮೂರು ವರದಿಯೂ ಬೇಕು, ಆಯಾ ದಿನದ ಹೆಸರಿನಲ್ಲೇ ಬೇಕು. ಎರಡನೆಯ ಜಾತಿಯ ಕೆಲಸವನ್ನು ‘ನಿನ್ನೆಯದನ್ನು ಮಾಡು’ ಎಂದು ಬರೆದು ಅನಾಕ್ರಾನ್‌ಗೆ ಕೊಟ್ಟರೆ ಎರಡು ದಿನದ ವರದಿ ಶಾಶ್ವತವಾಗಿ ಕಾಣೆಯಾಗುತ್ತದೆ. ‘ಕಡೆಯ ವರದಿಯ ಮರುದಿನದಿಂದ ನಿನ್ನೆಯವರೆಗೆ ಮಾಡು’ ಎಂದು ಬರೆದರೆ ಯಾವ ಉಪಕರಣವಾದರೂ ನಡೆಯುತ್ತದೆ. ಈ ಭೇದವನ್ನು ಬಲ್ಲವರು ಕೆಲಸ ಬರೆದವರು ಮಾತ್ರ. ಅದನ್ನು ನಡೆಸುವ ತಂತ್ರಾಂಶ ಊಹಿಸಲಾರದು.

ಅವಧಿಯೆಂಬುದನ್ನು ಅಳೆಯುವ ಬಗೆಯೂ ಒಂದೇ ಅಲ್ಲ. ಅನಾಕ್ರಾನ್‌ನ ‘7’ ಕಡೆಯ ಓಟದಿಂದ ಏಳು ದಿನ. ಭಾನುವಾರದ ಕೆಲಸ ಒಮ್ಮೆ ಬುಧವಾರಕ್ಕೆ ಜಾರಿದರೆ ಆಮೇಲೆ ಬುಧವಾರದ ಕೆಲಸವೇ ಆಗಿಬಿಡುತ್ತದೆ. ತಿಂಗಳಿಗೆ 30 ಎಂದು ಹಾಕಿದರೆ ಕ್ಯಾಲೆಂಡರಿನೊಡನೆ ತಾಳ ತಪ್ಪುತ್ತದೆ, ಅದಕ್ಕಾಗಿಯೇ ‘@ಮಂತ್ಲಿ’ ಎಂಬ ವಿನಾಯಿತಿ ಸೇರಿಸಬೇಕಾಯಿತು. ಸಿಸ್ಟಮ್‌ಡಿ ಕ್ಯಾಲೆಂಡರನ್ನೇ ಹಿಡಿಯುವುದರಿಂದ ತಪ್ಪಿದ್ದನ್ನು ಬುಧವಾರ ತೀರಿಸಿದರೂ ಮುಂದಿನದು ಭಾನುವಾರಕ್ಕೇ. ತಿಬೋ ಗೊಡುಯೆ ಬರೆದ ಎಫ್‌ಕ್ರಾನ್ ಮೂರನೆಯದೊಂದು ಕಾಲಮಾನವನ್ನೂ ಕೊಡುತ್ತದೆ: ಯಂತ್ರ ಓಡಿದ ಹೊತ್ತನ್ನು ಮಾತ್ರ ಎಣಿಸಿ ಇಷ್ಟು ಗಂಟೆಗೊಮ್ಮೆ ಎನ್ನಬಹುದು. ಡಿಸ್ಕಿನ ತಪಾಸಣೆಯಂಥ ಸವೆತಕ್ಕೆ ಸಂಬಂಧಿಸಿದ ಕೆಲಸಗಳಿಗೆ ಇದು ಎಲ್ಲಕ್ಕಿಂತ ನ್ಯಾಯವಾದ ಅಳತೆ; ಆದರೂ ಎಫ್‌ಕ್ರಾನ್ ಜನಪ್ರಿಯವಾಗಲಿಲ್ಲ.

ಮ್ಯಾಕ್ ಮತ್ತು ವಿಂಡೋಸ್‌ಗಳ ಬಗ್ಗೆ ಎರಡು ಮಾತು ಸಾಕು. 2005ರಲ್ಲಿ ಮ್ಯಾಕ್ ಓಎಸ್ ಟೆನ್ 10.4ರೊಡನೆ ಬಂದ ಲಾಂಚ್‌ಡಿ, ಮಲಗಿದ್ದಾಗ ತಪ್ಪಿದ ಪಾಳಿಗಳನ್ನು ಎದ್ದಾಗ ಒಂದಾಗಿಸಿ ನಡೆಸುತ್ತದೆ. ಪೂರ್ತಿ ಆರಿದ್ದಾಗ ತಪ್ಪಿದ್ದನ್ನು ನಡೆಸುವುದಿಲ್ಲ. ವಿಂಡೋಸಿನ ಟಾಸ್ಕ್ ಶೆಡ್ಯೂಲರಿನಲ್ಲಿ ತಪ್ಪಿದ್ದನ್ನು ಆದಷ್ಟು ಬೇಗ ನಡೆಸು ಎಂಬ ಗುರುತು ಹಾಕಬಹುದು, ಸಾಮಾನ್ಯವಾಗಿ ಹತ್ತು ನಿಮಿಷ ತಡೆದು ನಡೆಸುತ್ತದೆ. ಆ ಗುರುತು ತಾನಾಗಿ ಬಿದ್ದಿರುವುದಿಲ್ಲ, ನಾವೇ ಹಾಕಬೇಕು.

ಇಷ್ಟೆಲ್ಲ ಲೆಕ್ಕವೂ ‘ಇಂದು ಯಾವ ತಾರೀಖು’ ಎಂಬುದು ಗಣಕಕ್ಕೆ ಗೊತ್ತಿದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಅಗ್ಗದ ಯಂತ್ರಗಳಲ್ಲಿ ಅದೂ ಇಲ್ಲ. 2023ರಲ್ಲಿ ಬಂದ ರಾಸ್ಪ್‌ಬೆರಿ ಪೈ 5ಕ್ಕೆ ಮುಂಚಿನ ಪೈ ಹಲಗೆಗಳಲ್ಲಿ ಆರಿದ್ದಾಗಲೂ ಓಡುವ ಗಡಿಯಾರವೇ ಇರಲಿಲ್ಲ. ಆರಿಸುವಾಗಿನ ಹೊತ್ತನ್ನು ಕಡತದಲ್ಲಿ ಬರೆದಿಟ್ಟು, ಎದ್ದಾಗ ಅಲ್ಲಿಂದಲೇ ಎಣಿಕೆ ಮುಂದುವರಿಸುವುದು ಅವುಗಳ ಉಪಾಯ. ನಾಲ್ಕು ದಿನ ಆರಿದ್ದ ಪೈ ಎದ್ದಾಗ ಅದರ ಪಾಲಿಗೆ ಕಾಲ ಸರಿದೇ ಇಲ್ಲ. ಇಂಟರ್‌ನೆಟ್ ಸಿಕ್ಕಿ ಸರಿಯಾದ ಹೊತ್ತು ತಿಳಿದ ಮೇಲೆ ಒಮ್ಮೆಲೆ ನಾಲ್ಕು ದಿನ ಜಿಗಿಯುತ್ತದೆ. ಆ ಜಿಗಿತಕ್ಕೆ ಮುಂಚೆ ಅನಾಕ್ರಾನ್ ಎದ್ದು ‘ಇಂದಿನದು ಆಗಿದೆ’ ಎಂದು ತೀರ್ಮಾನಿಸಿ ಹೊರಟುಹೋಗಿದ್ದರೆ, ಮತ್ತೆ ಯಾರಾದರೂ ಬಾಗಿಲು ತಟ್ಟುವವರೆಗೆ ತಪ್ಪಿದ್ದು ತಪ್ಪಿದ ಹಾಗೆಯೇ. ಸಿಸ್ಟಮ್‌ಡಿಯಲ್ಲಿ ಹೊತ್ತು ಸರಿಹೋಗುವವರೆಗೆ ಕ್ಯಾಲೆಂಡರ್ ಟೈಮರುಗಳನ್ನು ತಡೆಹಿಡಿಯುವ ವ್ಯವಸ್ಥೆಯುಂಟು, ಆದರೆ ಅದಕ್ಕೆ ಕಾಯುವ ಸೇವೆಯನ್ನು ಬೇರೆಯಾಗಿ ಚಾಲೂ ಮಾಡಿರಬೇಕು. ಇಂಟರ್‌ನೆಟ್ ಇಲ್ಲದ ಹಳ್ಳಿಯ ಹವಾಮಾನ ಪೆಟ್ಟಿಗೆಗೆ, ಗ್ರಂಥಾಲಯದ ಕಿಯೋಸ್ಕಿಗೆ ಚಿಕ್ಕ ಬ್ಯಾಟರಿಯ ಗಡಿಯಾರ ತುಂಡೊಂದನ್ನು ಅಂಟಿಸುವುದೇ ಸರಿ. ತಂತ್ರಾಂಶದ ಜಾಣತನದಿಂದ ಇಲ್ಲಿ ಉಪಯೋಗವಿಲ್ಲ.

ಒಂದು ಯಂತ್ರ ಆರಿದರೆ ಇನ್ನೊಂದು ಮಾಡಲಿ ಎಂಬುದು ದೊಡ್ಡವರ ಪರಿಹಾರ. ಗೂಗಲ್ ತನ್ನ ಕ್ರಾನನ್ನು ಹಲವು ಯಂತ್ರಗಳ ಮೇಲೆ ಹರಡಿದ ಬಗೆಯನ್ನು ಸ್ಟೆಪಾನ್ ಡೇವಿಡೊವಿಚ್ ಮತ್ತು ಕವಿತಾ ಗುಲಿಯಾನಿ 2015ರಲ್ಲಿ ಎಸಿಎಂ ಕ್ಯೂ ಪತ್ರಿಕೆಯಲ್ಲಿ ವಿವರಿಸಿದ್ದಾರೆ. ಪ್ಯಾಕ್ಸೋಸ್ ಎಂಬ ಒಮ್ಮತದ ವಿಧಾನದಿಂದ ಒಬ್ಬ ನಾಯಕನನ್ನು ಆರಿಸಿಕೊಂಡು, ಆ ನಾಯಕ ಪ್ರತಿ ಕೆಲಸಕ್ಕೆ ಎರಡು ಸಲ ದಾಖಲೆ ಬರೆಯುತ್ತಾನೆ: ಚಾಲನೆಗೆ ಮುಂಚೆ ಒಮ್ಮೆ, ಚಾಲನೆ ಕೊಟ್ಟಾದ ಮೇಲೆ ಒಮ್ಮೆ. ನಾಯಕ ಎರಡರ ನಡುವೆ ಸತ್ತರೆ, ಹೊಸ ನಾಯಕನಿಗೆ ಮೊದಲ ಗುರುತು ಕಾಣುತ್ತದೆ, ಎರಡನೆಯದು ಕಾಣುವುದಿಲ್ಲ. ಅಲ್ಲಿ ಏನೋ ಅರ್ಧವಾಗಿದೆ ಎಂದಾದರೂ ಅವನಿಗೆ ತಿಳಿಯುತ್ತದೆ. ಚಾಲನೆಗೆ ಮೊದಲೇ ಹೆಸರಿಟ್ಟಿರುವುದರಿಂದ ಆ ಹೆಸರಿನ ಕೆಲಸ ನಿಜವಾಗಿ ಶುರುವಾಗಿತ್ತೇ ಎಂದು ಹುಡುಕಬಹುದು. ಹಾಗೂ ಅನುಮಾನ ಉಳಿದರೆ ಎರಡು ಸಲ ಮಾಡುವುದಕ್ಕಿಂತ ಒಂದು ಸಲ ಬಿಡುವುದೇ ವಾಸಿ ಎಂಬುದು ಅವರ ನಿಲುವು. ಬಿಟ್ಟದ್ದನ್ನು ಆಮೇಲೆ ಮಾಡಬಹುದು, ಎರಡು ಸಲ ಕಳಿಸಿದ ಸಂಬಳವನ್ನು ವಾಪಸು ತರುವುದು ಕಷ್ಟ. ಒಂದೇ ಗುರುತು ಇಟ್ಟುಕೊಂಡ ಅನಾಕ್ರಾನ್ ಮತ್ತು ಸಿಸ್ಟಮ್‌ಡಿಗಳ ಕೊರತೆ ಈ ಎರಡು ಗುರುತಿನ ಪಕ್ಕದಲ್ಲಿಟ್ಟಾಗ ನಿಚ್ಚಳವಾಗುತ್ತದೆ. ಹಲವು ಯಂತ್ರಗಳ ಮೇಲೆ ತಂತ್ರಾಂಶ ನಡೆಸುವ ಕೂಬರ್ನೆಟೀಸ್‌ನ ಕ್ರಾನ್‌ಜಾಬ್ ಇಂಥದೇ ಇಕ್ಕಟ್ಟಿಗೆ ಒರಟಾದ ಪರಿಹಾರ ಹುಡುಕಿತ್ತು: ಅದರ ಮೂಲ ನಿಯಂತ್ರಕ, ತಪ್ಪಿದ ಪಾಳಿಗಳು 100 ದಾಟಿದರೆ, ಗಡುವು ಗೊತ್ತುಮಾಡಿರದ ಕೆಲಸವನ್ನು ಶುರುಮಾಡದೆ ದೂರು ದಾಖಲಿಸಿ ಕೈಬಿಡುತ್ತಿತ್ತು. ನಿಮಿಷಕ್ಕೊಮ್ಮೆಯ ಕೆಲಸಕ್ಕೆ ನೂರು ಪಾಳಿಯೆಂದರೆ ಎರಡು ಗಂಟೆಯೂ ಅಲ್ಲ.

ಹಾಗಾದರೆ ಸಾಮಾನ್ಯ ಬಳಕೆದಾರ ಏನು ಮಾಡಬೇಕು? ನಾನು ಮಾದರಿಯೆಂದು ತೋರಿಸುವುದು ಜಾಲತಾಣಗಳ ಭದ್ರತಾ ಪ್ರಮಾಣಪತ್ರ ನವೀಕರಿಸುವ ಸರ್ಟ್‌ಬಾಟ್ ಎಂಬ ತಂತ್ರಾಂಶವನ್ನು. ಲೆಟ್ಸ್ ಎನ್‌ಕ್ರಿಪ್ಟ್ ಕೊಡುತ್ತ ಬಂದ ಪ್ರಮಾಣಪತ್ರದ ಆಯುಷ್ಯ 90 ದಿನ. ಸರ್ಟ್‌ಬಾಟ್ ದಿನಕ್ಕೆ ಎರಡು ಸಲ ಎದ್ದು ಪ್ರಮಾಣಪತ್ರವನ್ನೇ ನೋಡುತ್ತದೆ; ಆಯುಷ್ಯ 30 ದಿನಕ್ಕಿಂತ ಕಡಿಮೆ ಉಳಿದಿದ್ದರೆ ನವೀಕರಿಸುತ್ತದೆ, ಇಲ್ಲವಾದರೆ ಸದ್ದಿಲ್ಲದೆ ಮಲಗುತ್ತದೆ. ಕಡೆಯ ಸಲ ಯಾವಾಗ ಓಡಿದೆ ಎಂಬುದು ಅದಕ್ಕೆ ಬೇಕಾಗಿಲ್ಲ, ಸಾಕ್ಷಿ ಪ್ರಮಾಣಪತ್ರದೊಳಗೇ ಇದೆ. ಎರಡು ಸಲ ಓಡಿದರೆ ಹಾನಿಯಿಲ್ಲ, ಹತ್ತು ಪಾಳಿ ತಪ್ಪಿದರೂ ಹಾನಿಯಿಲ್ಲ. ಅದರ ಟೈಮರಿಗೂ 12 ಗಂಟೆಯ ಯಾದೃಚ್ಛಿಕ ತಡವಿದೆ. ದಿನಕ್ಕೆ ಎರಡೇ ಗಂಟೆ ಓಡುವ ಯಂತ್ರದಲ್ಲಿ ಆ 30 ದಿನಗಳಲ್ಲಿ ಒಂದು ಸಲವೂ ಅದೃಷ್ಟ ಕೂಡದಿರುವ ಸಾಧ್ಯತೆ ಆರರಲ್ಲಿ ಐದನ್ನು ಮೂವತ್ತು ಸಲ ಗುಣಿಸಿದಷ್ಟು, ಅಂದರೆ ಸಾವಿರಕ್ಕೆ ಸುಮಾರು ನಾಲ್ಕು. ಸೊನ್ನೆಯಲ್ಲ, ಆದರೆ ಬದುಕಬಹುದಾದ ಸಂಖ್ಯೆ. ಅದೇ ತಡ ಭದ್ರತಾ ತಿದ್ದುಪಡಿಯಲ್ಲಿ ತೊಂದರೆಯಾಗಿ, ಇಲ್ಲಿ ಆಗದಿರುವುದಕ್ಕೆ ಕಾರಣ ಮೊದಲೇ ಇಟ್ಟುಕೊಂಡ ಈ 30 ದಿನಗಳ ಅಂಚು.

ಬ್ಯಾಕಪ್ಪನ್ನೂ ಹೀಗೆಯೇ ಬರೆಯಬಹುದು, ಅದಕ್ಕೆ ಹೊಸ ತಂತ್ರಾಂಶ ಬೇಡ. ಗಂಟೆಗೊಮ್ಮೆ ಎಬ್ಬಿಸುವ ಕೆಲಸ ಯಾವುದಾದರೂ ಮಾಡಲಿ, ಹಳೆಯ ಕ್ರಾನ್ ಆದರೂ ಸರಿ. ಎದ್ದ ಸ್ಕ್ರಿಪ್ಟ್ ಮೊದಲು ಕಡೆಯ ಯಶಸ್ಸಿನ ಗುರುತನ್ನು ನೋಡಲಿ. ಅದು ಇಪ್ಪತ್ತು ಗಂಟೆಗಿಂತ ಹೊಸದಾಗಿದ್ದರೆ ಅಲ್ಲಿಗೇ ಹಿಂದಿರುಗಲಿ. ಹಳೆಯದಾಗಿದ್ದರೆ ಫ್ಲಾಕ್ ಆಜ್ಞೆಯಿಂದ ಬೀಗ ಹಿಡಿಯಲಿ, ಇನ್ನೊಂದು ಪ್ರತಿ ಆಗಲೇ ಓಡುತ್ತಿದ್ದರೆ ಬೀಗ ಸಿಗುವುದಿಲ್ಲ. ತಾತ್ಕಾಲಿಕ ಹೆಸರಿನಲ್ಲಿ ಬ್ಯಾಕಪ್ ಬರೆದು, ತೆರೆದು ಪರೀಕ್ಷಿಸಿ, ಆಮೇಲಷ್ಟೇ ನಿಜವಾದ ಹೆಸರಿಗೆ ಬದಲಿಸಲಿ. ಯಶಸ್ಸಿನ ಗುರುತು ಎಲ್ಲಕ್ಕೂ ಕಡೆಯದು. ನಡುವೆ ಯಾವ ಹಂತದಲ್ಲಿ ಕರೆಂಟು ಹೋದರೂ ಮುಂದಿನ ಗಂಟೆ ಕೆಲಸ ಮೊದಲಿನಿಂದ ನಡೆಯುತ್ತದೆ, ಅರ್ಧಂಬರ್ಧ ಕಡತ ಪೂರ್ತಿಯ ವೇಷ ಹಾಕುವುದಿಲ್ಲ. ಎರಡು ಸಲ ನಡೆಯಬಾರದ ಕೆಲಸಗಳಿಗೆ, ಉದಾಹರಣೆಗೆ ಶುಲ್ಕ ಕಟ್ಟಿ ಎಂದು ಪೋಷಕರಿಗೆ ಎಸ್‌ಎಂಎಸ್ ಕಳಿಸುವುದಕ್ಕೆ, ಗೂಗಲ್ಲಿನ ಹಾಗೆ ಎರಡು ಗುರುತು ಬೇಕು: ಯಾರಿಗೆ ಕಳಿಸಲಿದ್ದೇನೆ ಎಂದು ಮುಂಚೆ, ಕಳಿಸಿದೆ ಎಂದು ಆಮೇಲೆ. ಮೊದಲನೆಯದಿದ್ದು ಎರಡನೆಯದಿಲ್ಲದ ಹೆಸರುಗಳನ್ನು ಮನುಷ್ಯರೇ ನೋಡಲಿ.

ಉಳಿದದ್ದು ಕಾವಲು. ಆರಿದ ಗಣಕ ತಾನು ಆರಿದ್ದೇನೆಂದು ದೂರು ಕೊಡಲಾರದು. ಆದ್ದರಿಂದ ಗುರುತು ಹಳೆಯದಾದರೆ ಎಚ್ಚರಿಸುವ ಕೆಲಸವನ್ನು ಬೇರೊಂದು ಯಂತ್ರಕ್ಕೇ ಒಪ್ಪಿಸಬೇಕು. ಮೊದಲ ಯಂತ್ರ ಯಶಸ್ಸಿನ ಸುದ್ದಿಯನ್ನು ಅಲ್ಲಿಗೆ ಕಳಿಸುತ್ತಿರಬೇಕು, ಗೊತ್ತಾದ ದಿನಗಳೊಳಗೆ ಸುದ್ದಿ ಬರದಿದ್ದರೆ ಅಲ್ಲಿಂದ ಕೂಗು ಏಳಬೇಕು. ‘ವಿಫಲವಾದರೆ ಇಮೇಲ್ ಕಳಿಸು’ ಎಂಬ ಸಾಮಾನ್ಯ ಏರ್ಪಾಡಿನಿಂದ ಈ ಸಂದರ್ಭಕ್ಕೆ ಏನೂ ಪ್ರಯೋಜನವಿಲ್ಲ, ಏಕೆಂದರೆ ಶುರುವೇ ಆಗದ ಕೆಲಸ ವಿಫಲವೂ ಆಗುವುದಿಲ್ಲ.

ಲಿನಕ್ಸ್ ಬಳಸುವ ಓದುಗರು ಇದನ್ನು ಓದಿ ಮುಗಿಸಿದ ಮೇಲೆ ತಮ್ಮ ಯಂತ್ರದ ಸ್ಪೂಲ್ ಕೋಶದಲ್ಲಿ ಅನಾಕ್ರಾನ್ ಇಟ್ಟಿರುವ ದಿನದ ಕೆಲಸದ ಕಡತವನ್ನು ತೆರೆದು ಆ ಎಂಟು ಅಂಕಿಯನ್ನು ಒಮ್ಮೆ ನೋಡಬೇಕೆಂದು ಕೋರುತ್ತೇನೆ. ಯಂತ್ರ ಎದ್ದು ಹೊತ್ತಾಗಿದ್ದರೂ ಅಲ್ಲಿ ಇಂದಿನ ತಾರೀಖು ಇಲ್ಲದಿದ್ದರೆ, ಮಿಕ್ಕದ್ದನ್ನೆಲ್ಲ ಕೆದಕುವ ಮುಂಚೆ ಚಾರ್ಜರ್ ಸಿಕ್ಕಿಸಿದೆಯೇ ನೋಡಿ.